ಇಪ್ಪತ್ತು ಮೀಟರಿನ ನೆರಳು

ಹೋದ ತಿಂಗಳು ಅಟ್ಟ ಗುಡಿಸುವಾಗ ಒಂದು ಗೋಣಿಚೀಲದಲ್ಲಿ ಕಪ್ಪು ವೈರಿನ ದೊಡ್ಡ ಸುರುಳಿ ಸಿಕ್ಕಿತು. "ಅಜ್ಜಿ, ಇದನ್ನ ಗುಜರಿಗೆ ಹಾಕ್ಲಾ?" ಎಂದು ನೀವು ಕೇಳಿದಿರಿ. ಬೇಡ ಎಂದು ಕೈಯಿಂದ ಕಿತ್ತುಕೊಂಡೆ. ಯಾಕೆಂದು ಹೇಳಲಿಲ್ಲ. ನಾಲ್ಕು ಜನರ ಎದುರು ಬಾಯಿ ಬಿಡುವುದು ನನಗೆ ಮೊದಲಿನಿಂದಲೂ ಬಾರದು. ನೀವು ಮೊಮ್ಮಕ್ಕಳು ಮೂರೇ ಜನ, ಆದರೂ ಬಾರದು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಗೋಡೆಗೆ ತಗುಲಿಹಾಕುವ ಚಪ್ಪಟೆ ಟಿವಿ ಕೃಷ್ಣರಾಜನಗರಕ್ಕೆ ಹೊಸದಾಗಿ ಬಂದಿದ್ದ ಕಾಲ ಅದು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಬಿಟ್ಟುಹೋದ ವಿಡಿಯೋ ಅಂಗಡಿಯನ್ನು ನಾನು ಮುಚ್ಚಿರಲಿಲ್ಲ. ಕ್ಯಾಮೆರಾ ಹಿಡಿಯಲು ಅವರ ಜೊತೆಗಾರರೇ ಇದ್ದರು, ಐವತ್ತರ ಹತ್ತಿರದವರು. ಕಂಪ್ಯೂಟರಿನ ಮುಂದೆ ಕೂತು ಹೆಸರು, ಹೂವು, ಬಣ್ಣ ಸೇರಿಸುವ ಮಿಕ್ಸಿಂಗ್ ಕೆಲಸ ನನ್ನದು. ನಾನು ಗುರುಪುರದ ಕಡೆಯ ಹಳ್ಳಿಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಅರ್ಥ ಎಲ್ಲ ಆಗುವುದಿಲ್ಲ. ಅದು ಗೊತ್ತಿದ್ದೇ ನಿಮ್ಮ ತಾತ ಪ್ರತಿ ವೈರಿನ ಕುತ್ತಿಗೆಗೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದರು. 'ಹಳದಿ: ಚಿತ್ರ'. 'ಕೆಂಪು, ಬಿಳಿ: ದನಿ'. 'ನೀಲಿ: ಕಂಪ್ಯೂಟರಿಂದ, ಸ್ಕ್ರೂ ಬಿಗಿ ಮಾಡು'. ಅವರು ಹೋದ ಮೇಲೆ ಕೆಲಸ ಮಾಡುವಾಗಲೆಲ್ಲ ಆ ಚೀಟಿಗಳೇ ನನ್ನ ಜೊತೆ ಮಾತಾಡುತ್ತಿದ್ದವು.

ನಮ್ಮೂರಿನ ಒಂದು ಕಲ್ಯಾಣ ಮಂಟಪದವರು ನಲವತ್ತೆರಡು ಇಂಚಿನ ಟಿವಿ ತಂದು ಧಾರೆಮಂಟಪದ ಎಡಗಡೆಯ ಕಂಬಕ್ಕೆ ಬಿಗಿದಿದ್ದರು. ಆ ಕಂಬ ದಪ್ಪ. ಹಿಂದೆ ಕೂತವರಿಗೆ ಹೆಣ್ಣುಗಂಡು ಕಾಣುತ್ತಿರಲಿಲ್ಲ. ಟಿವಿ ಬಂದ ಮೇಲೆ ನಡೆದ ಮೊದಲ ಮದುವೆಗೆ ನಮ್ಮನ್ನೇ ಕರೆದರು.

ಮದುವೆ ನದಿ ಕಡೆಯ ಒಂದು ಊರಿನ ಹುಡುಗಿಯದು. ಗಂಡು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರ. ಮೊದಲು ಈ ಹುಡುಗಿಯ ಅಕ್ಕನನ್ನೇ ಮದುವೆಯಾಗಿದ್ದ. ಆ ಮದುವೆಗೆ ವಿಡಿಯೋ ತೆಗೆದವರು ನಿಮ್ಮ ತಾತ, ಇದೇ ಮಂಟಪದಲ್ಲಿ. ಅಕ್ಕ ಜ್ವರದಲ್ಲಿ ಹೋದಳು. ಎರಡು ವರ್ಷದ ಹೆಣ್ಣುಮಗು ಉಳಿಯಿತು. ಮಗುವಿಗೆ ಹೊರಗಿನವಳು ತಾಯಿಯಾಗಿ ಬರುವುದು ಬೇಡವೆಂದು ಎರಡೂ ಕಡೆಯವರು ಯೋಚಿಸಿ ತಂಗಿಯನ್ನೇ ಕೊಡಲು ಒಪ್ಪಿದ್ದರು. ಈ ಮದುವೆಯ ಹೊತ್ತಿಗೆ ಮಗುವಿಗೆ ನಾಲ್ಕು ವರ್ಷ.

ಬೆಳಿಗ್ಗೆ ಆರಕ್ಕೆ ಮಂಟಪಕ್ಕೆ ಹೋದೆವು. ನನ್ನ ಸಾಮಾನನ್ನು ಸಭಾಂಗಣದ ಹಿಂದಿನ ತುದಿಯ ಉಗ್ರಾಣದಲ್ಲಿ ಇಳಿಸಿದೆ. ಕ್ಯಾಮೆರಾದವರು, "ಅಕ್ಕ, ಟಿವಿ ಅಲ್ಲಿ ಅದೆ, ನೀವಿಲ್ಲಿ ಕೂತ್ರೆ ವೈರು ಎಲ್ಲಿಂದೆಲ್ಲಿಗೆ ಎಳೀಬೇಕು? ಆ ಕಂಬದ ಪಕ್ಕನೇ ಒಂದು ಟೇಬಲ್ ಹಾಕುಸ್ತೀನಿ ಬನ್ನಿ" ಅಂದರು.

"ಬೇಡ. ಇಲ್ಲೇ ಸರಿ" ಅಂದೆ.

ಕಾರಣ ಅವರಿಗೂ ಗೊತ್ತಿತ್ತು. ಮಂಟಪದ ಪಕ್ಕ ಕೂತರೆ ಮುಹೂರ್ತದ ಹೊತ್ತಿಗೆ ಹೆಣ್ಣುಗಂಡಿನ ಕಣ್ಣಿಗೆ ನಾನು ಬೀಳುತ್ತೇನೆ. ನನಗೆ ಯಾರೂ ಮುಂದೆ ಬರಬೇಡ ಎಂದು ಹೇಳಿರಲಿಲ್ಲ. ಹೇಳಿಸಿಕೊಳ್ಳುವ ಮೊದಲೇ ನಾನು ಹಿಂದೆ ಸರಿದಿದ್ದೆ. ಎರಡು ವರ್ಷದಿಂದ ಎಲ್ಲ ಮದುವೆಯಲ್ಲೂ ಉಗ್ರಾಣ, ಇಲ್ಲವೆ ಮೆಟ್ಟಿಲ ಕೆಳಗಿನ ಜಾಗ. ಅಕ್ಕಿ ಮೂಟೆ, ಬೆಲ್ಲದ ಅಚ್ಚು, ತೆಂಗಿನಕಾಯಿ ಗುಡ್ಡೆಯ ನಡುವೆ ನನ್ನ ಕಂಪ್ಯೂಟರ್. ಅಲ್ಲಿ ನೆಮ್ಮದಿ ಇತ್ತು.

ಕ್ಯಾಮೆರಾದಿಂದ ಹಳದಿ ವೈರು ಗೋಡೆಗುಂಟ ಉಗ್ರಾಣಕ್ಕೆ ಬಂದು ನನ್ನ ಕಂಪ್ಯೂಟರಿಗೆ ಸೇರುತ್ತಿತ್ತು. ಅಲ್ಲಿ ನಾನು ಹೂವು ಹೆಸರು ಸೇರಿಸಿ ಹೊರಗೆ ಕಳಿಸಬೇಕು. ಕಂಪ್ಯೂಟರಿನ ನೀಲಿ ಬಾಯಿಗೆ, ಒಂದನ್ನು ಎರಡು ಮಾಡುವ ಪುಟ್ಟ ಡಬ್ಬಿ. ಡಬ್ಬಿಯಿಂದ ಮಾರುದ್ದದ ವೈರು ನನ್ನ ಮಾನಿಟರಿಗೆ. ಇನ್ನೊಂದು, ಇಪ್ಪತ್ತು ಮೀಟರಿನದು, ಕಂಬದ ಟಿವಿಗೆ. ಆ ಉದ್ದದ ವೈರನ್ನು ಒಮ್ಮೆ ಇಲಿ ಕಡಿದಿತ್ತು. ನಿಮ್ಮ ತಾತ ಕಡಿದ ಕಡೆ ಕತ್ತರಿಸಿ, ಒಳಗಿನ ಎಳೆಗಳನ್ನು ಒಂದೊಂದಾಗಿ ಬೆಸುಗೆ ಹಾಕಿ, ಟೇಪು ಸುತ್ತಿದ್ದರು. ಹಾವು ಮೊಟ್ಟೆ ನುಂಗಿದ ಹಾಗೆ ನಡುವೆ ಒಂದು ಗಂಟು. ಅವರು ಹೋದ ಮೇಲೆ ಆ ಟೇಪು ಅಂಟಂಟಾಗಿ ಬಿಚ್ಚಿಕೊಳ್ಳುವಂತಾಯಿತು. ಬಿಚ್ಚಿ ನೋಡಲು ನನಗೆ ಮನಸ್ಸಾಗಲಿಲ್ಲ, ಅವರ ಕೈಯಿಂದ ಆದದ್ದು. ಅದರ ಮೇಲೇ ಹೊಸ ಟೇಪು ಸುತ್ತಿದೆ, ಮೂರು ಪದರ. ಈ ಕಥೆಯ ತಪ್ಪೆಲ್ಲ ಇರುವುದು ಅಲ್ಲೇ.

ಟಿವಿ ಹಚ್ಚಿದಾಗ ಮೊದಲು ಬರೀ ಕಪ್ಪು ಪರದೆ, ಅದರ ಮೇಲೆ ಒಂದು ಇಂಗ್ಲಿಷ್ ಸಾಲು ಆ ಮೂಲೆಯಿಂದ ಈ ಮೂಲೆಗೆ ಓಡಾಡುತ್ತಿತ್ತು. 'ಔಟ್ ಆಫ್ ರೇಂಜ್'. ಕಂಪ್ಯೂಟರ್ ಕಳಿಸುವ ಚಿತ್ರದ ಅಳತೆ ಟಿವಿಗೆ ಒಗ್ಗದಿದ್ದರೆ ಹಾಗೆ ಬರುತ್ತದೆ. ಅಳತೆಯನ್ನು ಸಾವಿರದ ಇಪ್ಪತ್ನಾಲ್ಕಕ್ಕೆ ಇಳಿಸಿ, ಪಕ್ಕದ ಸಂಖ್ಯೆಯನ್ನು ಅರವತ್ತಕ್ಕೆ ಇಟ್ಟೆ. ಚಿತ್ರ ಬಂತು. ಪರೀಕ್ಷೆಗೆಂದು ಹೆಣ್ಣುಗಂಡಿನ ಹೆಸರಿನ ಹಾಳೆ ಹಾಕಿದೆ. ನಾನು ಬಾಗಿಲಿಂದ ಇಣುಕಿ ನೋಡಿದಾಗ ದೊಡ್ಡ ಹಳದಿ ಅಕ್ಷರಗಳ ಬಲಗಡೆಗೆ ಒಂದು ನೆರಳಿತ್ತು. ಅಕ್ಷರಕ್ಕೆ ನೆರಳು ಕೊಡುವುದು ನಮ್ಮ ಅಂಗಡಿಯ ರೂಢಿ, ನಿಮ್ಮ ತಾತ ಕಲಿಸಿದ್ದು. ನಾನು ಹಾಕಿದ ನೆರಳೇ ಎಂದುಕೊಂಡು ಸುಮ್ಮನಾದೆ.

ಒಂಬತ್ತರ ಹೊತ್ತಿಗೆ ಮದುಮಗಳ ತಾಯಿ ಮಗುವನ್ನು ಎತ್ತಿಕೊಂಡು ಬಂದು ಉಗ್ರಾಣದ ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂತರು. ಅವರೂ ಗಂಡನನ್ನು ಕಳೆದುಕೊಂಡವರೇ. ಧಾರೆ ಎರೆಯಲು ಹುಡುಗಿಯ ಚಿಕ್ಕಪ್ಪ ಚಿಕ್ಕಮ್ಮ ನಿಂತಿದ್ದರು.

"ಟಿವಿದು ನೀನೇ ನೋಡ್ಕೊಳೋದಾ?" ಎಂದು ಕೇಳಿದರು.

"ಹೂಂ ಅಕ್ಕ."

"ದೊಡ್ಡೋಳ್ದು ಧಾರೇಲಿ ನಮ್ಮೆಜಮಾನ್ರು ಇದ್ರು, ಮುಂದೇ ನಿಂತಿದ್ದೆ. ಇವ್ಳ್ದು ಅದ್ರಲ್ಲೇ ನೋಡ್ಬೇಕು. ಸರ್ಯಾಗಿ ಕಾಣಂಗೆ ಮಾಡವ್ವ."

ಆಗಲಿ ಅಂದೆ. ನನ್ನ ಮಾನಿಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇರುವಾಗ ಹುಡುಗಿಯನ್ನು ಹಸೆಮಣೆಗೆ ಕರೆತಂದರು. ತಾಳಿಗೆ ಮೊದಲು ಆಗಬೇಕಾದ ಒಂದು ಶಾಸ್ತ್ರ ಇತ್ತು. ನಿಮಗೆ ಇದು ಗೊತ್ತಿರಲಾರದು. ಎರಡನೆಯ ಹೆಂಡತಿಯಾಗಿ ಬರುವವಳ ಕೊರಳಿಗೆ, ತೀರಿಹೋದ ಮೊದಲನೆಯವಳ ಮುಖ ಅಚ್ಚಾದ ಒಂದು ಪುಟ್ಟ ಬಿಲ್ಲೆ ಕಟ್ಟುತ್ತಾರೆ. ಸವತಿ ಪದಕ ಎನ್ನುತ್ತಾರೆ. ಹೋದವಳು ಮುನಿಸಿಕೊಂಡು ಇವಳಿಗೆ ತಾಗದಿರಲಿ, ಆ ಬಿಲ್ಲೆಯಲ್ಲೇ ನೆಲೆಯಾಗಿರಲಿ ಎಂದು. ಇಲ್ಲಿ ಸವತಿ ಅನ್ನುವವಳು ಒಡಹುಟ್ಟಿದ ಅಕ್ಕ. ಗಂಡಿನ ಸೋದರತ್ತೆ ಬಿಲ್ಲೆಗೆ ಕುಂಕುಮವಿಟ್ಟು ಕಟ್ಟಿದ್ದನ್ನು ಮಾನಿಟರಿನಲ್ಲಿ ನೋಡಿದೆ. ಅಂದು ಮೊದಲ ಸಲ ಕ್ಯಾಮೆರಾ ಒಂದೇ ಮುಖದ ಹತ್ತಿರಕ್ಕೆ ಹೋಗಿತ್ತು; ಸುತ್ತ ಮಲ್ಲಿಗೆಯ ಚೌಕಟ್ಟು ಹಾಕಿದೆ.

ಆಗ ಹೊರಗೆ ಮಾತು ನಿಂತಿತು. ಮದುವೆಮನೆಯಲ್ಲಿ ಮಾತು ನಿಲ್ಲುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಓಲಗದವರೂ ನಿಲ್ಲಿಸಿದರು. ಬಾಗಿಲಾಚೆ ಮಗುವಿನ ದನಿಯೊಂದೇ ಕೇಳಿತು.

"ಅಜ್ಜಿ, ಅಮ್ಮ ಬಂದವ್ಳೆ. ಚಿಕ್ಕಮ್ಮನ ಹಿಂದೆ."

ಕ್ಯಾಮೆರಾದವರು ಓಡಿಬಂದರು. "ಅಕ್ಕ, ಅಲ್ಲಿ ಎರಡೆರಡು ಕಾಣ್ತಾದೆ."

"ಎರಡೆರಡು ಏನು?"

"ಹೆಣ್ಣು."

ಬಾಗಿಲ ಸಂದಿಯಿಂದ ನೋಡಿದೆ. ಟಿವಿಯಲ್ಲಿ ಹುಡುಗಿ ತಲೆತಗ್ಗಿಸಿ ಕೂತಿದ್ದಳು. ಅವಳ ಬಲಕ್ಕೆ, ಬೆರಳಗಲ ಸರಿದು, ಮಾಸಲು ಬಣ್ಣದ ಇನ್ನೊಬ್ಬಳು. ಅದೇ ಮೂಗು, ಅದೇ ಬಾಸಿಂಗ. ಹಿಂದೆ ನಿಂತು ತಂಗಿಯ ಭುಜದ ಮೇಲಿಂದ ಇಣುಕಿದ ಹಾಗೆ. ಇವಳು ಕತ್ತು ಎತ್ತಿದರೆ ಅವಳೂ ಎತ್ತುತ್ತಿದ್ದಳು. ತಿರುಗಿ ನನ್ನ ಮಾನಿಟರ್ ನೋಡಿದೆ. ಅಲ್ಲಿ ಒಬ್ಬಳೇ.

ಅಕ್ಕತಂಗಿಯರ ಮುಖ ಒಂದೇ ಅಚ್ಚು. ಆ ದೊಡ್ಡ ಹುಡುಗಿಯ ಮದುವೆಯ ಕ್ಯಾಸೆಟ್ಟಿಗೆ ಹೂವಿನ ಚೌಕಟ್ಟು ಹಾಕುವುದನ್ನೇ ನಿಮ್ಮ ತಾತ ನನಗೆ ಮೊದಲ ಪಾಠವಾಗಿ ಕಲಿಸಿದ್ದರು. ಅವಳ ಮುಖ ನನಗೆ ಬಾಯಿಪಾಠವಾಗಿತ್ತು. ಟಿವಿಯಲ್ಲಿದ್ದವಳು ಅವಳೇ ಎಂದು ಒಂದು ಗಳಿಗೆ ನಾನೂ ನಂಬಿದೆ.

"ಪದಕದಲ್ಲಿ ಕೂತ್ಕೊಳವ್ವ ಅಂತ ಕರದ್ರೆ, ಟಿವೀಲಿ ಬಂದು ನಿಂತವ್ಳೆ" ಎಂದರು ಸೋದರತ್ತೆ. "ಅವ್ಳಿಗೆ ಈ ಮದ್ವೆ ಬ್ಯಾಡ ಅನ್ಸತ್ತೆ."

ಮಂಟಪದ ಮ್ಯಾನೇಜರು, "ಆರ್ಸಿಬುಡ್ರೀ ಅತ್ಲಾಗೆ" ಎಂದು ಕೂಗಿದರು.

ಆಗ ಹುಡುಗಿ ಎದ್ದು ನಿಂತಳು. ಮೆತ್ತಗೆ ಮಾತಾಡುವ ಹುಡುಗಿ. ಆದರೂ ಹಿಂದಿನವರೆಗೆ ಕೇಳಿತು. "ಆರಿಸಬೇಡಿ. ಆರಿಸಿದ್ರೆ ನನ್ ಕಣ್ಣಿಗೆ ಕಾಣಕಿಲ್ಲ ಅಷ್ಟೇಯ. ಅಕ್ಕ ಇಲ್ಲೇ ಇರ್ತಾಳೆ. ಅವ್ಳು ಹೋದದ್ದು ಕಾಣೋಗಂಟ ನಾ ಕೂರಕಿಲ್ಲ."

ಪುರೋಹಿತರು ಗಡಿಯಾರ ನೋಡಿಕೊಂಡರು. ಅರ್ಧ ಗಂಟೆ ಉಳಿದಿತ್ತು.

ಕ್ಯಾಮೆರಾದವರು ಕಂಪ್ಯೂಟರನ್ನೇ ಬಿಟ್ಟು ಕ್ಯಾಮೆರಾದ ಹಳದಿ ವೈರನ್ನು ನೇರ ಟಿವಿಗೆ ಚುಚ್ಚಿ ನೋಡುತ್ತೇನೆ ಎಂದು ಹೋದರು. ಟಿವಿಯ ಬೆನ್ನು ಕಂಬಕ್ಕೆ ಒತ್ತಿತ್ತು, ಕತ್ತಲೆ. ಕೈಯಾಡಿಸಿ ಸಿಕ್ಕ ತೂತಿಗೆ ಚುಚ್ಚಿದರು. ಹಳದಿಯ ಪಕ್ಕದ ಹಸಿರು ತೂತು ಅದು, ಬೇರೆ ಜಾತಿಯ ವೈರಿಗೆ ಇರುವಂಥದು. ಹಳದಿಯನ್ನು ಅಲ್ಲಿ ಚುಚ್ಚಿದರೆ ಚಿತ್ರ ಬರುತ್ತದೆ, ಬಣ್ಣ ಬರುವುದಿಲ್ಲ. ನೆರಳು ಹೋಯಿತು. ಜೊತೆಗೆ ಹುಡುಗಿಯ ಹಣೆಯ ಕುಂಕುಮ ಕಪ್ಪು ಚುಕ್ಕೆಯಾಯಿತು, ಅರಿಶಿನದ ಕೆನ್ನೆ ಬೂದಿಯ ಹಾಗಾಯಿತು, ಕೆಂಪು ಸೀರೆ ಮಸಿಯಾಯಿತು.

ಹುಡುಗಿ ಅದನ್ನು ನೋಡಿ, "ಈಗ ಹೋದೋಳು ಅವ್ಳೋ ನಾನೋ?" ಅಂದಳು.

ಹೆಂಗಸರಲ್ಲಿ ಯಾರೋ ಅತ್ತರು. ಮ್ಯಾನೇಜರು ಕ್ಯಾಮೆರಾದವರ ಕೈ ಹಿಡಿದು ಎಳೆದು, "ಇನ್ನೊಂದ್ ಸಲ ನೀವು ಅದನ್ನ ಮುಟ್ಟಿದ್ರೆ ನೋಡಿ" ಅಂದರು. ವೈರುಗಳನ್ನು ಮೊದಲಿನ ಹಾಗೆ ಮಾಡಿಸಿದರು. ನೆರಳು ಮತ್ತೆ ಬಂದು ಹುಡುಗಿಯ ಭುಜದ ಹಿಂದೆ ನಿಂತಿತು.

ಉಗ್ರಾಣದ ಬಾಗಿಲು ಹಾಕಿಕೊಂಡೆ. ನಿಮ್ಮ ತಾತ ಹೇಳುತ್ತಿದ್ದುದೊಂದೇ ನೆನಪಿಗೆ ಬಂತು: ಚಿತ್ರ ಕೆಟ್ಟರೆ ಚಿತ್ರ ನೋಡಬೇಡ, ವೈರು ಹಿಡಿದು ನಡೆ. ನನ್ನ ಮಾನಿಟರಿನಲ್ಲಿ ಒಬ್ಬಳು, ಟಿವಿಯಲ್ಲಿ ಇಬ್ಬರು. ಎರಡಕ್ಕೂ ಹೊರಟದ್ದು ಒಂದೇ ಡಬ್ಬಿಯಿಂದ. ಹಾಗಾದರೆ ಎರಡನೆಯವಳು ಹುಟ್ಟಿದ್ದು ದಾರಿಯಲ್ಲಿ. ಡಬ್ಬಿಯ ಕಡೆಯಿಂದ ಉದ್ದದ ವೈರನ್ನು ಎರಡೂ ಕೈಯಲ್ಲಿ ಹಿಡಿದು ಸವರುತ್ತಾ ಹೋದೆ. ಬೆಲ್ಲದ ಅಚ್ಚುಗಳ ಹಿಂದೆ ಗಂಟು ಕೈಗೆ ಸಿಕ್ಕಿತು. ಆಗ ಹೊಳೆಯಿತು, ನಮ್ಮಲ್ಲಿ ಚೀಟಿ ಇಲ್ಲದ ವೈರು ಇದೊಂದೇ. ನಿಮ್ಮ ತಾತ ಚೀಟಿ ಮರೆಯುವವರಲ್ಲ.

ನಾನು ಸುತ್ತಿದ್ದ ಟೇಪನ್ನು ಉಗುರಿನಿಂದ ಎಬ್ಬಿಸಿ ಬಿಚ್ಚಿದೆ. ಮೂರು ಪದರ. ಅದರಡಿಯಲ್ಲಿ ಅವರ ಹಳೆಯ ಟೇಪು, ಅದರ ಕೊನೆಯ ಸುತ್ತಿನ ಒಳಗೆ ಅಂಟಿ ಹಳದಿಯಾದ ಚೀಟಿ. ಅಕ್ಷರ ದುಂಡಗೆ, ಅಳಿಸದೆ ಇತ್ತು.

'ಉದ್ದ ಎಳೆದರೆ ನೆರಳು ಬೀಳುತ್ತದೆ. ಹತ್ತಿರ ಹೋಗು.'

ಅಕ್ಕಿಮೂಟೆಯ ಮೇಲೆ ಕೂತುಬಿಟ್ಟೆ. ಅವರು ಬರೆದದ್ದು ವೈರಿನ ವಿಷಯ. ತೆಳ್ಳಗಿನ ವೈರು, ಬಹಳ ದೂರ, ನಡುವೆ ಒಂದು ಗಂಟು. ಹೋಗುವ ಚಿತ್ರದಲ್ಲಿ ಒಂದು ಪಾಲು ಗಂಟಿಗೂ ತುದಿಗೂ ಬಡಿದು ಹಿಂದಕ್ಕೆ ಬಂದು, ಮತ್ತೆ ಹೊರಟು, ಒಂದು ಚೂರು ತಡವಾಗಿ ಟಿವಿ ಸೇರುತ್ತದೆ. ಆ ತಡವಾಗಿ ಬಂದದ್ದೇ ನೆರಳು. ಇದೆಲ್ಲ ಆಮೇಲೆ ಮೈಸೂರಿನಲ್ಲಿ ಒಬ್ಬ ಮೆಕ್ಯಾನಿಕ್ಕಿನಿಂದ ಕೇಳಿ ತಿಳಿದದ್ದು. ಆ ಹೊತ್ತಿನಲ್ಲಿ ನನಗೆ ತಿಳಿದದ್ದು ಇಷ್ಟೇ: ವೈರು ಅಷ್ಟುದ್ದ ಹೋಗಿದ್ದು ನಾನು ಇಷ್ಟು ದೂರ ಕೂತಿದ್ದರಿಂದ. ಯಾರ ಕಣ್ಣಿಗೂ ಬೀಳಬಾರದೆಂದು ನಾನು ಅಡಗಿ ಕೂತದ್ದೇ ಅಲ್ಲಿ ಹೋಗಿ ಹುಡುಗಿಯ ಬೆನ್ನಿಗೆ ನಿಂತಿತ್ತು.

ಮುಂದೆ ಹೋದರೆ ಇನ್ನು ಯಾರೂ ಮದುವೆಗೆ ಕರೆಯದಿರಬಹುದು. ಹೋಗದಿದ್ದರೆ ಈ ಹುಡುಗಿ ಕೂರುವುದಿಲ್ಲ. ಕೂತರೂ ಆ ಹೆದರಿಕೆ ಇಟ್ಟುಕೊಂಡೇ ಆ ಮಗುವನ್ನು ಸಾಕಬೇಕು. ಬಹಳ ಯೋಚಿಸಲಿಲ್ಲ, ಹೊತ್ತಿರಲಿಲ್ಲ. ಕಂಪ್ಯೂಟರ್ ಆರಿಸಿ ಎಲ್ಲ ಕಿತ್ತೆ. ಮಾನಿಟರಿನ ಮಾರುದ್ದದ ವೈರನ್ನು ಕೊರಳಿಗೆ ಹಾಕಿಕೊಂಡು, ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಬಾಗಿಲು ತೆರೆದೆ. ಕೀಬೋರ್ಡಿಗೆ ಕೈ ಸಾಲಲಿಲ್ಲ. ಹುಡುಗಿಯ ತಾಯಿ ಎದುರಿಗೇ ಕೂತಿದ್ದರು.

"ಅಕ್ಕ, ಇದನ್ನ ಹಿಡ್ಕೊಂಡು ನನ್ ಜೊತೆ ಬನ್ನಿ."

"ಎಲ್ಲಿಗೆ?"

"ಮುಂದಕ್ಕೆ."

ಅವರು ನನ್ನ ಮುಖ ನೋಡಿದರು, ಕುರ್ಚಿಗಳ ಸಾಲು ನೋಡಿದರು. "ನಾನು ಅಲ್ಲಿಗೆಲ್ಲ..." ಎಂದು ತಡೆದರು.

"ನಾನೂ ಅಷ್ಟೇ. ಬನ್ನಿ."

ಅವರ ಒಂದು ಕಂಕುಳಲ್ಲಿ ಕೀಬೋರ್ಡು, ಇನ್ನೊಂದರಲ್ಲಿ ಮಗು. ಸಭಾಂಗಣದ ನಡುದಾರಿಯಲ್ಲಿ ಇಬ್ಬರೂ ನಡೆದೆವು. ಆ ದಾರಿ ಇಪ್ಪತ್ತು ಮೀಟರ್ ಎಂದು ವೈರಿನ ಲೆಕ್ಕದಲ್ಲಿ ನನಗೆ ಗೊತ್ತಿತ್ತು. ಕಾಲಿಗೆ ಹಾಗೆ ಅನಿಸಲಿಲ್ಲ. ಬಾಯಿ ಬಿಟ್ಟವರು ಸೋದರತ್ತೆಯೊಬ್ಬರೇ. "ಒಬ್ರಲ್ಲ ಅಂತ ಇಬ್ರಿಬ್ರು ಎದ್ ಬತ್ತಾವ್ರಲ್ಲಪ್ಪ" ಅಂದರು. ಹುಡುಗಿ ಅತ್ತ ತಿರುಗಿ, "ನಮ್ಮವ್ವ ಕಣತ್ತೆ ಅವ್ರು" ಎಂದಳು, ಅಷ್ಟೇ.

ಕಂಬದ ಬುಡದಲ್ಲಿ ಒಂದು ಸ್ಟೂಲಿನ ಮೇಲೆ ಪೆಟ್ಟಿಗೆ ಇಟ್ಟೆ. ಟಿವಿಯ ಬೆನ್ನಿಂದ ಉದ್ದದ ವೈರು ಕಿತ್ತು ಗಿಡ್ಡದ್ದನ್ನು ಹಾಕಿದೆ. ನೀಲಿ ಪ್ಲಗ್ಗಿನ ಮೂರು ಸಾಲು ಸೂಜಿ ಸೊಟ್ಟಗಾಗದಂತೆ ನೇರ ಒತ್ತಿ, ಎರಡೂ ಬದಿಯ ಸ್ಕ್ರೂ ಬಿಗಿ ಮಾಡಿದೆ. ಹಳದಿಯನ್ನು ಕ್ಯಾಮೆರಾದಿಂದ ಕಂಪ್ಯೂಟರಿಗೆ ಹಾಕಿ, ಅದರ ಗುಂಡಿ ಒತ್ತಿದೆ. ಆ ಕಾಲದ ಕಂಪ್ಯೂಟರ್ ಏಳಲು ನಾಲ್ಕು ನಿಮಿಷ ಬೇಕು. ನನಗೆ ಈಗ ಬೇರೆ ಮಾನಿಟರ್ ಇಲ್ಲ, ಎಲ್ಲರಿಗೂ ಕಾಣುವ ಆ ಟಿವಿಯೇ ನನ್ನ ಮಾನಿಟರ್. ಅದರ ಕಪ್ಪು ಗಾಜಿನಲ್ಲಿ ನಾನು ಕಂಡೆ, ನನ್ನ ಬರಿ ಹಣೆ ಕಂಡಿತು. ನನ್ನ ಹಿಂದೆ ಆ ತಾಯಿ, ತಾಯಿಯ ಹಿಂದೆ ಹಸೆಮಣೆಯ ಹುಡುಗಿ. ಅವಳ ಹಿಂದೆಯೂ ಯಾರೋ ಇದ್ದ ಹಾಗಿತ್ತು. ನಾನು ತಿರುಗಿ ನೋಡಲಿಲ್ಲ.

ರಿಮೋಟಿನಲ್ಲಿ, ಯಾವ ವೈರಿನ ಚಿತ್ರ ತೋರಿಸಬೇಕೆಂದು ಬದಲಿಸುವ ಗುಂಡಿ ಒತ್ತಿದೆ. ಒಂದು ಸಲ, ನೀಲಿ ಪರದೆ. ಎರಡು ಸಲ, ನೀಲಿ. ಮೂರನೆಯದಕ್ಕೆ ಚಿತ್ರ ಬಂತು.

ಒಬ್ಬಳೇ ಹುಡುಗಿ. ಕೆಂಪು ಸೀರೆ, ಕೆಂಪು ಕುಂಕುಮ, ಕೊರಳಲ್ಲಿ ಒಂದೇ ಬಿಲ್ಲೆ. ಅಂಚು ಕತ್ತರಿಸಿದ ಹಾಗೆ ಸ್ಪಷ್ಟ.

ಹುಡುಗಿ ಬಹಳ ಹೊತ್ತು ನೋಡಿದಳು. ಕೈ ಎತ್ತಿದಳು, ಇಳಿಸಿದಳು, ಜೊತೆಗೆ ಇನ್ನೊಂದು ಕೈ ಬರುತ್ತದೇನೋ ಎಂದು. ಬರಲಿಲ್ಲ. ಕೂತಳು. ಓಲಗ ಶುರುವಾಯಿತು. ಆ ಗದ್ದಲದಲ್ಲಿ ಮಗು ತನ್ನ ಅಜ್ಜಿಯನ್ನು ಕೇಳಿದ್ದು ನನಗೂ ಕೇಳಿಸಿತು. "ಅಮ್ಮ ಎಲ್ಲೋದ್ಲು?"

ಧಾರೆ ಮುಗಿಯುವವರೆಗೂ ನಾನು ಕಂಬದ ಪಕ್ಕದಲ್ಲೇ ಇದ್ದೆ. ಆ ತಾಯಿಯೂ ಇದ್ದರು. ಅವರು ಟಿವಿ ನೋಡಲಿಲ್ಲ, ಮಗಳನ್ನೇ ನೋಡಿದರು.

ಊಟವಾಗಿ, ಹೆಣ್ಣುಗಂಡು ಹೊರಟು, ಸಭಾಂಗಣ ಖಾಲಿಯಾಗುವಾಗ ಮೂರೂವರೆ. ನಾನು ವೈರು ಸುತ್ತುತ್ತಿದ್ದೆ. ಆ ತಾಯಿ ಮತ್ತೆ ಬಂದರು. ಮಗು ಅವರ ಹೆಗಲ ಮೇಲೆ ನಿದ್ದೆಹೋಗಿತ್ತು. ಅವರೂ ನನ್ನ ಹಾಗೆ, ಕೇಳಲು ಹೊತ್ತು ಹಿಡಿಯುವವರು.

"ಆ ಉದ್ದದ ವೈರು ಎಲ್ಲದೆ?" ಅಂದರು.

ತೋರಿಸಿದೆ.

"ಅದನ್ನ ಇನ್ನೊಂದ್ ಸಲ ಹಾಕವ್ವ. ಒಂದು ಗಳಿಗೆ. ಅದು ಅವ್ಳಲ್ಲ ಅಂತ ನಂಗೊತ್ತು. ವೈರಿಂದು ಅಂತ ಗೊತ್ತು. ಆದ್ರೂ ಹಾಕು."

ಗೊತ್ತಿದ್ದೂ ಹಾಕಿದೆ. ಪೆಟ್ಟಿಗೆ ಕಂಬದ ಬುಡದಲ್ಲೇ ಇತ್ತು. ಆದರೂ ಇಪ್ಪತ್ತು ಮೀಟರನ್ನೂ ನೆಲದ ಮೇಲೆ ಬಿಚ್ಚಿ ಎರಡು ತುದಿಯನ್ನು ಎರಡು ಕಡೆ ಬಿಗಿದೆ. ಬೆಳಿಗ್ಗೆ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರಲ್ಲಿ ಪದಕ ಕಟ್ಟುವ ಭಾಗವನ್ನು ತೆಗೆದು, ಹುಡುಗಿ ಕತ್ತೆತ್ತಿದ ಕಡೆ ನಿಲ್ಲಿಸಿದೆ. ಅವಳ ಭುಜದ ಹಿಂದೆ ಬೆರಳಗಲ ಸರಿದು ಇನ್ನೊಬ್ಬಳು ಕತ್ತೆತ್ತಿದಳು.

ಆ ತಾಯಿ ಹತ್ತಿರ ಹೋದರು. ಟಿವಿಯ ಕೆಳಗೆ ಮ್ಯಾನೇಜರು 'ಮುಟ್ಟಬಾರದು' ಎಂದು ಕಾಗದ ಅಂಟಿಸಿದ್ದರು. ಅವರು ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಕೈ ಚಾಚಿ, ಹುಡುಗಿಯನ್ನು ಬಿಟ್ಟು ಆ ಮಾಸಲು ಮುಖವನ್ನು ಮುಟ್ಟಿದರು. ಬೆರಳು ಒತ್ತಿದ ಕಡೆ ಬಣ್ಣ ನೀರಿನ ಹಾಗೆ ಅಲುಗಿ, ಬೆರಳು ತೆಗೆದ ಮೇಲೆ ಮತ್ತೆ ಮುಖವಾಯಿತು.

ನಾನು ಮುಟ್ಟಬೇಡಿ ಎನ್ನಲಿಲ್ಲ. ಅವರು ಸಾಕು ಎನ್ನುವವರೆಗೂ ಹಾಗೇ ಬಿಟ್ಟಿದ್ದೆ.

ಅದೇ ವೈರು, ಮಕ್ಕಳೇ. ಗಂಟಿನ ಮೇಲೆ ಈಗ ಕಪ್ಪು ಟೇಪು ಇಲ್ಲ, ಒಳಗಿನದು ಕಾಣುವ ಟೇಪು ಸುತ್ತಿದ್ದೇನೆ. ಚೀಟಿ ಓದಿಕೊಳ್ಳಿ, ಅಕ್ಷರ ನಿಮ್ಮ ತಾತನದು.